‘ಬೂಗಾ’ ಎಂದರೆ ಕಿಟಕಿ ಅಲ್ಲದಿರಬಹುದು

ಓದುಗರ ಪತ್ರ: ನಮ್ಮ ಮಗಳಿಗೆ ಒಂದು ವರ್ಷ ಎಂಟು ತಿಂಗಳು. ದಿನವಿಡೀ ತಾಯಿಯ ಜೊತೆ ಏನೇನೋ ಹರಟುತ್ತಾಳೆ. ಸಂಜೆ ಕೆಲಸ ಮುಗಿಸಿ ಬಂದು ನಾನು ಪಕ್ಕದಲ್ಲಿ ಕುಳಿತರೆ ಮಾತು ನಿಂತುಹೋಗುತ್ತದೆ. ಇದೇನು, ಅದೇನು, ಚೆಂಡು ಯಾವ ಬಣ್ಣ ಎಂದು ಕೇಳುತ್ತೇನೆ. ಎರಡು ಪ್ರಶ್ನೆ ಮುಗಿಯುವಷ್ಟರಲ್ಲಿ ಎದ್ದು ಹೋಗುತ್ತಾಳೆ. ಕಿಟಕಿಯ ಕಡೆ ಬೆರಳು ಮಾಡಿ ‘ಬೂಗಾ’ ಎನ್ನುತ್ತಾಳೆ. ‘ಬೂಗಾ ಅಲ್ಲ, ಕಿಟಕಿ’ ಎಂದು ತಿದ್ದಿದರೆ ಅಳುತ್ತಾಳೆ. ಇಷ್ಟು ಚಿಕ್ಕ ಮಗುವಿನ ಜೊತೆ ಏನು ಮಾತನಾಡುವುದು? ನನಗೆ ಮಕ್ಕಳನ್ನು ಆಡಿಸುವ ಕಲೆಯೇ ಇಲ್ಲವೇನೋ.
– ಒಬ್ಬ ತಂದೆ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಕ್ಕೆ. ಎರಡನೆಯ ಸಲ ನಗು ಬರಲಿಲ್ಲ, ಏಕೆಂದರೆ ನನ್ನ ಮಗ ಅಷ್ಟೇ ವಯಸ್ಸಿನವನಾಗಿದ್ದಾಗ ನಾನೂ ಮನೆಯಲ್ಲಿ ಪರೀಕ್ಷಾಧಿಕಾರಿಯಾಗಿದ್ದೆ. ಮೂಗು ಎಲ್ಲಿ? ಹಸು ಹೇಗೆ ಕೂಗುತ್ತದೆ? ನೆಂಟರು ಬಂದರಂತೂ ಇಡೀ ಪ್ರಶ್ನೆಪತ್ರಿಕೆಯೇ ಹೊರಬರುತ್ತಿತ್ತು. ಅವನು ಸೋಫಾದ ಕೆಳಗೆ ನುಸುಳಿಕೊಳ್ಳುತ್ತಿದ್ದ. ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವವರ ಎದುರಿಗೆ ನೀವೇ ಆದರೂ ಎಷ್ಟು ಹೊತ್ತು ಕುಳಿತಿರುತ್ತೀರಿ, ಹೇಳಿ. ನೀವು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಯಾರಾದರೂ ತಡೆದು ‘ಈ ಚಪ್ಪಲಿ ಯಾವ ಬಣ್ಣ?’ ಎಂದರೆ ಹೇಗಿರುತ್ತದೆ? ನಿಮ್ಮ ಮಗಳು ಎದ್ದು ಹೋಗುತ್ತಿರುವುದು ನಿಮ್ಮಿಂದ ದೂರವಾಗಲು ಅಲ್ಲ, ಪರೀಕ್ಷೆಯಿಂದ ತಪ್ಪಿಸಿಕೊಳ್ಳಲು.

ಹಾಗಾಗಿ ಮೊದಲ ಸಲಹೆ ಇದು: ಒಂದು ವಾರ ಪ್ರಶ್ನೆಗಳಿಗೆ ರಜೆ ಕೊಡಿ. ನೆಲದ ಮೇಲೆ ಕುಳಿತುಕೊಳ್ಳಿ. ಕುರ್ಚಿಯಿಂದ ಬಗ್ಗಿ ಮಾತನಾಡುವುದು ಬೇಡ. ಅವಳು ಏನು ಮಾಡುತ್ತಿದ್ದಾಳೋ ಅದನ್ನೇ ನೀವೂ ಮಾಡಿ. ಡಬ್ಬಿಯ ಮೇಲೆ ಡಬ್ಬಿ ಇಡುತ್ತಿದ್ದರೆ ನೀವೂ ಒಂದು ಇಡಿ. ಬೀಳಿಸಿದರೆ ‘ಧಡಾರ್!’ ಎನ್ನಿ. ಇಲ್ಲಿ ನಮ್ಮ ಭಾಷೆ ನಿಮ್ಮ ಕೈಗೆ ದೊಡ್ಡ ಆಟಿಕೆಯ ಬುಟ್ಟಿಯನ್ನೇ ಕೊಟ್ಟಿದೆ. ನೀರು ಬುಳುಬುಳು, ಮಳೆ ಜಿಟಿಜಿಟಿ, ಕಾಗದ ಪರಪರ, ಹೊಟ್ಟೆ ಗುರುಗುರು, ಓಟ ದಡದಡ. ಅರ್ಥ ತಿಳಿಯುವ ಮೊದಲೇ ಬಾಯಿಗೆ ರುಚಿಸುವ ಪದಗಳಿವು. ವ್ಯಾಕರಣದ ಪುಸ್ತಕದಲ್ಲಿ ಇವನ್ನು ಅನುಕರಣಾವ್ಯಯ ಎಂದು ಕರೆದು ಒಂದು ಪುಟದಲ್ಲಿ ಮುಗಿಸುತ್ತಾರೆ. ಇವುಗಳ ನಿಜವಾದ ವಿದ್ವಾಂಸರು ಎರಡು ವರ್ಷದೊಳಗಿನವರು.

ಒಂದು ಮಾತು ಆಡಿದ ಮೇಲೆ ಸುಮ್ಮನಿರಿ. ಇದೇ ಕಷ್ಟದ ಭಾಗ. ಮಗು ಕೇಳಿಸಿಕೊಂಡು, ಯೋಚಿಸಿ, ನಾಲಿಗೆಯನ್ನು ಸಜ್ಜುಮಾಡಿಕೊಂಡು ಮರುಮಾತು ಆಡಲು ನಮಗಿಂತ ಬಹಳ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಅಷ್ಟರೊಳಗೆ ನಾವು ಇನ್ನೆರಡು ವಾಕ್ಯ ಸುರಿದಿರುತ್ತೇವೆ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಬರುವ ಉತ್ತರ ಪದವೇ ಆಗಬೇಕಿಲ್ಲ. ಒಂದು ನೋಟ, ಚಾಚಿದ ಕೈ, ‘ಊಂ’ ಎಂಬ ಸದ್ದು, ಎಲ್ಲವೂ ಅವಳ ಸರದಿಯೇ. ಅದನ್ನು ಹಿಡಿದುಕೊಂಡು ನೀವು ಮುಂದಕ್ಕೆ ಎಸೆಯಿರಿ.

ಹೀಗೆ ಸರದಿಯಲ್ಲಿ ಆಡುವ ಮಾತಿಗೆ ಎಷ್ಟು ಬಲವಿದೆ ಎಂಬುದಕ್ಕೆ 2003ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಅಮೆರಿಕದ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳಿಗೆ 12 ಬೈಠಕ್‌ಗಳಲ್ಲಿ ಚೀನಾದ ಮ್ಯಾಂಡರಿನ್ ಭಾಷೆಯನ್ನು ಕೇಳಿಸಿದರು. ಕೆಲವು ಕೂಸುಗಳ ಎದುರಿಗೆ ಜೀವಂತ ವ್ಯಕ್ತಿ ಕುಳಿತು ಆಟಿಕೆ, ಪುಸ್ತಕ ಹಿಡಿದು ಮಾತನಾಡಿದರು. ಬೇರೆ ಕೂಸುಗಳಿಗೆ ಅದೇ ಭಾಷೆಯನ್ನು ಪರದೆಯ ಮೇಲೆ ಇಲ್ಲವೇ ಧ್ವನಿಮುದ್ರಿಕೆಯಲ್ಲಿ ಕೇಳಿಸಿದರು. ಮೊದಲ ಗುಂಪಿನ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಪರದೆ ಮತ್ತು ಧ್ವನಿಮುದ್ರಿಕೆಯ ಕೂಸುಗಳು ಕಲಿಯಲಿಲ್ಲ. ‘ಮೊಬೈಲ್ ನೋಡಿಯೇ ಮಾತು ಕಲಿಯುತ್ತದೆ’ ಎನ್ನುವವರು ನಿಮ್ಮ ಬಳಗದಲ್ಲೂ ಇರಬಹುದು; ಅವರಿಗೆ ಇದನ್ನು ಹೇಳಿ. ಒಂದು ವರ್ಷದ ಮಕ್ಕಳಿಗೆ ಪರದೆಯೇ ಬೇಡ, ಎರಡು ತುಂಬಿದ ಮೇಲೂ ದಿನಕ್ಕೆ 1 ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಹೇಳಿದೆ.

ಆದರೆ ಮಗುವಿನ ಮೊಬೈಲಿಗಿಂತ ನಮ್ಮ ಮೊಬೈಲ್ ದೊಡ್ಡ ತೊಂದರೆ ಎಂಬುದು ನನ್ನ ಅಭಿಪ್ರಾಯ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ ತಾಯಂದಿರಿಗೆ ಒಂದು ಸಣ್ಣ ಕೆಲಸ ಕೊಟ್ಟರು: ಕೂಸಿನೊಡನೆ ಆಡುತ್ತಾ ಇದ್ದವರು ಇದ್ದಕ್ಕಿದ್ದಂತೆ ಮುಖವನ್ನು ಕಲ್ಲಿನಂತೆ ಮಾಡಿಕೊಂಡು ಒಂದೆರಡು ನಿಮಿಷ ಸುಮ್ಮನಿರಬೇಕು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ತನಗೆ ಗೊತ್ತಿರುವ ಎಲ್ಲ ಉಪಾಯಗಳಿಂದ ತಾಯಿಯನ್ನು ಮತ್ತೆ ಮಾತಿಗೆಳೆಯಲು ನೋಡುತ್ತದೆ. ಕೊನೆಗೆ ಮುಖ ತಿರುಗಿಸಿಬಿಡುತ್ತದೆ. ಆ ಪ್ರಯೋಗದ ದೃಶ್ಯವನ್ನು ನೋಡಿದ ದಿನ ನನಗೆ ನೆನಪಾದದ್ದು ಸಂದೇಶ ಓದುವಾಗಿನ ನನ್ನದೇ ಮುಖ. ಮಗಳ ಜೊತೆಗಿರುವ ಆ ಅರ್ಧ ಗಂಟೆ ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಇನ್ನು ತಾಯಿಯ ಜೊತೆಗಿನ ಹರಟೆ. ಅದು ಕಲೆಯಲ್ಲ ಸ್ವಾಮಿ, ಮಾಹಿತಿ. ಬೆಳಿಗ್ಗೆ ಬೆಕ್ಕು ಒಳಗೆ ಬಂದದ್ದು, ಬಕೆಟ್ ಉರುಳಿದ್ದು ತಾಯಿಗೆ ಗೊತ್ತು. ಹಾಗಾಗಿ ಮಗಳು ‘ಬೆಕ್ಕು’ ಎಂದು ಅರ್ಧ ಉಸುರಿದರೂ ಪೂರ್ತಿ ಕಥೆ ಅರ್ಥವಾಗುತ್ತದೆ. ನಿಮಗೆ ಆ ದಿನವೇ ಗೊತ್ತಿಲ್ಲ. ಮನೆಗೆ ಬಂದವರು ಮೊದಲು ಹೆಂಡತಿಯನ್ನು ಕೇಳಿ ಎರಡು ಸುದ್ದಿ ಸಂಗ್ರಹಿಸಿ. ಆಮೇಲೆ ಮಗಳ ಹತ್ತಿರ ಹೋಗಿ ‘ಇವತ್ತು ಬಕೆಟ್ ಬಿತ್ತಂತೆ! ನೀರೆಲ್ಲಾ ಗಳಗಳ!’ ಎನ್ನಿ. ಅವಳ ಕಣ್ಣು ನೋಡಿ ಆಗ.

ಆಡಿಸುವ ಕಲೆ ಇಲ್ಲ ಎಂದಿದ್ದೀರಿ. ಬೇಕಾದದ್ದು ಕಲೆಯಲ್ಲ, ಸ್ವಲ್ಪ ಪೆದ್ದುತನ. ಈ ವಯಸ್ಸಿನವರಿಗೆ ಲೋಕದ ಕೆಲವು ನಿಯಮಗಳು ಹೊಸದಾಗಿ ಗೊತ್ತಾಗಿರುತ್ತವೆ, ದೊಡ್ಡವರು ಅವನ್ನು ಮುರಿದರೆ ಅದಕ್ಕಿಂತ ದೊಡ್ಡ ಹಾಸ್ಯ ಇನ್ನಿಲ್ಲ. ಅವಳ ಕಾಲುಚೀಲವನ್ನು ನಿಮ್ಮ ಕಿವಿಗೆ ಸಿಕ್ಕಿಸಿಕೊಂಡು ಗಂಭೀರವಾಗಿ ‘ಇದು ಸರಿಯಾಯಿತು’ ಎನ್ನಿ. ‘ಅಲ್ಲ!’ ಎಂಬ ಕೂಗು ಬರುತ್ತದೆ. ಮೂಗಿಗೆ ಸಿಕ್ಕಿಸಿ. ಮತ್ತೆ ‘ಅಲ್ಲ!’ ಈಗ ಪರೀಕ್ಷೆ ಕೊಡುತ್ತಿರುವವರು ನೀವು, ತಿದ್ದುತ್ತಿರುವವಳು ಅವಳು. ಗೊತ್ತಿದ್ದನ್ನು ಹೇಳಿಸಲು ನೀವು ಹತ್ತು ಪ್ರಶ್ನೆ ಕೇಳಿದರೂ ಸಿಗದ ಪದ ಹೀಗೆ ತಾನಾಗಿ ಹೊರಬೀಳುತ್ತದೆ. ಚಮಚವನ್ನು ಫೋನಿನಂತೆ ಕಿವಿಗಿಟ್ಟುಕೊಂಡು ‘ಹಲೋ, ಯಾರು ಬೇಕಿತ್ತು? ಇವಳೇ? ಇದ್ದಾಳೆ, ಕೊಡುತ್ತೇನೆ’ ಎನ್ನುವುದೂ ಅದೇ ಜಾತಿಯದು. ಬಟ್ಟೆಯ ಹಿಂದೆ ಮುಖ ಮುಚ್ಚಿ ‘ಅಪ್ಪ ಇಲ್ಲ... ಇದ್ದಾನೆ!’ ಎನ್ನುವ ಹಳೆಯ ಆಟವನ್ನು ಜೆರೋಮ್ ಬ್ರೂನರ್‌ನಂಥ ದೊಡ್ಡ ಮನೋವಿಜ್ಞಾನಿಯೇ ಕುಳಿತು ಅಧ್ಯಯನ ಮಾಡಿದ್ದಾರೆ. ಕಾಯುವುದು, ಸರದಿ ಬಂದಾಗ ಮಾತನಾಡುವುದು, ಪಾತ್ರ ಅದಲುಬದಲು ಮಾಡುವುದು, ಸಂಭಾಷಣೆಯ ನಿಯಮವೆಲ್ಲ ಅದರೊಳಗಿದೆ. ನಡುವಿನ ಆ ಚುಕ್ಕೆಗಳನ್ನು ಮಾತ್ರ ಉದ್ದ ಮಾಡಿ. ಮಜಾ ಇರುವುದು ಅಲ್ಲೇ.

ಪುಸ್ತಕ ಓದುವುದಾದರೆ ಮೊದಲ ಪುಟದಿಂದ ಕೊನೆಯವರೆಗೆ ಓದಲೇಬೇಕೆಂಬ ಹಟ ಬೇಡ. ತಲೆಕೆಳಗಾಗಿ ಹಿಡಿದರೂ ಪುಟ ತಿರುಗಿಸುವ ಹಕ್ಕು ಅವಳದು.

ಈಗ ‘ಬೂಗಾ’. ತಿದ್ದುವುದನ್ನು ಬಿಡಿ, ಪ್ರತಿಧ್ವನಿಸಿ. ತಪ್ಪು ಎಂದು ನಮಗೆ ಕಾಣುವುದರಲ್ಲಿ ಮಗುವಿನ ಬುದ್ಧಿ ಅಡಗಿರುತ್ತದೆ. ಇನ್ನೊಂದೆರಡು ವರ್ಷದಲ್ಲಿ ಅವಳು ‘ಕೊಡಿದೆ’ ಎಂದರೂ ಎನ್ನಬಹುದು. ಯಾರೂ ಅವಳಿಗೆ ಆ ರೂಪ ಹೇಳಿಕೊಟ್ಟಿರುವುದಿಲ್ಲ. ಮಾಡು–ಮಾಡಿದೆ, ಓಡು–ಓಡಿದೆ ಎಂಬುದನ್ನು ಕೇಳಿ, ನಿಯಮವನ್ನು ತಾನೇ ಕಂಡುಹಿಡಿದು ‘ಕೊಡು’ವಿಗೂ ಹಚ್ಚಿರುತ್ತಾಳೆ. ಆಗ ‘ತಪ್ಪು’ ಎನ್ನದೆ ‘ಹೌದು, ನನಗೆ ಕೊಟ್ಟೆ’ ಎಂದರೆ ಸಾಕು. ಸರಿ ರೂಪ ಕಿವಿಗೂ ಬಿತ್ತು, ಮಾತೂ ಮುರಿಯಲಿಲ್ಲ.

ಒಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ನಿಮ್ಮ ಪತ್ರದಲ್ಲಿ ಗಾಬರಿಯಾಗುವಂಥದ್ದು ಏನೂ ಕಾಣಲಿಲ್ಲ. ಆದರೆ ಎರಡು ವರ್ಷ ತುಂಬಿದ ಮೇಲೂ ಎರಡು ಪದ ಜೋಡಿಸದಿದ್ದರೆ, ಸದ್ದಿಗೆ ತಿರುಗದಿದ್ದರೆ, ಅಥವಾ ಬರುತ್ತಿದ್ದ ಪದಗಳು ಯಾವಾಗಲಾದರೂ ಮಾಯವಾದರೆ, ‘ನಿಧಾನವಾಗಿ ಬರುತ್ತದೆ ಬಿಡಿ’ ಎಂಬ ಸಮಾಧಾನ ಕೇಳದೆ ಮಕ್ಕಳ ವೈದ್ಯರಿಗೆ ತೋರಿಸಿ. ಕಿವಿಯ ಪರೀಕ್ಷೆ ಮೊದಲಾಗಲಿ.

ಆ ಕಿಟಕಿಯ ವಿಷಯದಲ್ಲಿ ನನಗೊಂದು ಅನುಮಾನವಿದೆ. ಅವಳು ಬೆರಳು ತೋರಿಸಿದ್ದು ಕಿಟಕಿಗೇ ಎಂದು ನಿಮಗೆ ಹೇಗೆ ಗೊತ್ತು? ನಾಳೆ ‘ಬೂಗಾ’ ಎಂದಾಗ ಅವಳ ಪಕ್ಕದಲ್ಲಿ ಮಂಡಿಯೂರಿ, ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರದಿಂದ ಅವಳ ಬೆರಳಿನ ತುದಿಯನ್ನೇ ಹಿಡಿದು ನೋಡಿ. ನಿಮ್ಮ ಎತ್ತರದಿಂದ ಕಾಣದ್ದು ಏನೋ ಅಲ್ಲಿ ಇದ್ದೇ ಇರುತ್ತದೆ. ನಮ್ಮ ಕಚೇರಿಯಲ್ಲಿ ಆಗಲೇ ಪಣ ಕಟ್ಟಿಯಾಗಿದೆ: ಉಪಸಂಪಾದಕಿ ಹಕ್ಕಿ ಎನ್ನುತ್ತಾರೆ, ಚಿತ್ರಕಾರರು ಚಂದ್ರ ಎನ್ನುತ್ತಾರೆ, ನಾನು ಪರದೆ ಅಲುಗಾಡುವ ನೆರಳು ಎಂದಿದ್ದೇನೆ. ಗೊತ್ತಾದ ದಿನವೇ ಒಂದು ಸಾಲು ಬರೆದು ಹಾಕಿ.