ಕೆಲಸ ಬಿಡುವ ಮುಂಚೆ ಮಕ್ಕಳ ಜೊತೆ ಕೂತು ನೋಡಿ

ಬಿ.ಎಸ್ಸಿ. ಮುಗಿಸಿ ಕಂಪನಿ ಕೆಲಸದಲ್ಲಿದ್ದೀರಿ, ಅದನ್ನು ಬಿಟ್ಟು ಬಿ.ಇಡಿ. ಸೇರಿ ಗಣಿತ ಮೇಷ್ಟ್ರಾಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗಬಹುದು. ಆದರೆ ಈಗಲೇ ರಾಜೀನಾಮೆ ಕೊಡಬೇಡಿ.

ಮೊದಲು ಬಿಡುವಿನ ದಿನಗಳಲ್ಲಿ ಪರಿಚಯದ ನಾಲ್ಕೈದು ಮಕ್ಕಳಿಗೆ ಪಾಠ ಹೇಳಿ. ಚುರುಕಾದವರಿಗಲ್ಲ, ಗಣಿತ ಅಂದ್ರೆ ಹೆದರುವವರಿಗೆ. ನಾನು ಪಾಠ ಮಾಡುವ ಆರನೇ ಕ್ಲಾಸಲ್ಲಿ ಪ್ರತಿ ವರ್ಷ ಒಬ್ಬರಾದರೂ 1/3ಕ್ಕಿಂತ 1/4 ದೊಡ್ಡದು ಅಂತಾರೆ, 3ಕ್ಕಿಂತ 4 ದೊಡ್ಡದು ಅಲ್ವಾ ಅಂತ. ತಪ್ಪು ಅಂದುಬಿಟ್ಟರೆ ಮಗು ಸುಮ್ನಾಗುತ್ತೆ, ಅಷ್ಟೇ. ಒಂದೇ ಅಳತೆಯ ಎರಡು ಕಾಗದದ ಪಟ್ಟಿ ಕೊಟ್ಟು, ಒಂದನ್ನು ಮೂರು ಭಾಗ, ಇನ್ನೊಂದನ್ನು ನಾಲ್ಕು ಭಾಗ ಮಡಿಸಲು ಹೇಳಿದರೆ ತಾನೇ ಕಂಡುಕೊಳ್ಳುತ್ತೆ. ಇದನ್ನೇ ಹತ್ತನೇ ಸಲ ಮಾಡುವಾಗಲೂ ನಿಮಗೆ ಬೇಜಾರಾಗದಿದ್ದರೆ ಧೈರ್ಯವಾಗಿ ಬನ್ನಿ.

ಇನ್ನು ಲೆಕ್ಕಾಚಾರ. ಬಿ.ಇಡಿ. ಎರಡು ವರ್ಷ. ಆರರಿಂದ ಎಂಟನೇ ತರಗತಿಯ ಸರ್ಕಾರಿ ಹುದ್ದೆಗೆ ಟಿಇಟಿ, ಅಂದ್ರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆ ಪಾಸಾಗಿರಬೇಕು, ಆಮೇಲೆ ನೇಮಕಾತಿ ಪರೀಕ್ಷೆ ಬೇರೆ. ಒಂದರಿಂದ ಐದನೇ ತರಗತಿಗೆ ಬಿ.ಇಡಿ. ನಡೆಯಲ್ಲ, 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನೇಮಕಾತಿ ಪ್ರತಿ ವರ್ಷ ನಡೆಯುತ್ತೆ ಅಂತ ನಂಬಿಕೊಳ್ಳಬೇಡಿ. ಅಲ್ಲಿವರೆಗೆ ಅತಿಥಿ ಶಿಕ್ಷಕರ ಗೌರವಧನದಲ್ಲೋ ಖಾಸಗಿ ಶಾಲೆಯ ಸಂಬಳದಲ್ಲೋ ಮನೆ ನಡೆಯಬೇಕು. ಸಾಲ ಜಾಸ್ತಿ ಇದ್ದರೆ ಅದನ್ನು ತೀರಿಸಿಯೇ ಬಿ.ಇಡಿ. ಸೇರಿ. ಮನೆಯವರ ಹತ್ತಿರವೂ ಈ ವಿಷಯ ಬಿಚ್ಚಿ ಮಾತಾಡಿ.