ಅಂಗಳದಲ್ಲಿ ಹರಿದ ಕಾವೇರಿ

ಪ್ರಶ್ನೆ: ಐದನೆಯ ತರಗತಿಯ ಮಗಳಿಗೆ ನದಿಗಳ ಹೆಸರು ಬಾಯಿಪಾಠ, ನಕ್ಷೆಯಲ್ಲಿ ತೋರಿಸಲು ಬರುವುದಿಲ್ಲ. ಆಟದಿಂದ ಕಲಿಸಬಹುದೇ?

ಉತ್ತರ: ಖಂಡಿತ. ನಾನು ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಕಾವೇರಿಯನ್ನು ಬರೆಯುತ್ತಿದ್ದೆ. ಒಬ್ಬಳು ತಲಕಾವೇರಿಯಿಂದ ನೀಲಿ ದಾರದ ಉಂಡೆ ಬಿಚ್ಚುತ್ತಾ ಹೊರಡುವಳು. ಹೇಮಾವತಿಯಾದವನು ಕೃಷ್ಣರಾಜಸಾಗರದಲ್ಲಿ, ಕಪಿಲೆಯಾದವಳು ತಿರುಮಕೂಡಲು ನರಸೀಪುರದಲ್ಲಿ ಬಂದು ಅವಳ ಕೈ ಹಿಡಿಯಬೇಕು. ಶ್ರೀರಂಗಪಟ್ಟಣದಲ್ಲಿ ದಾರ ಎರಡು ಕವಲಾಗಿ ಮತ್ತೆ ಕೂಡಬೇಕು. ಒಮ್ಮೆ ಹುಡುಗನೊಬ್ಬ ಆ ಕವಲುಗಳ ನಡುವೆಯೇ ನಿಂತು, "ಸುತ್ತಲೂ ನೀರು! ಟಿಪ್ಪು ಇದಕ್ಕೇ ಇಲ್ಲಿದ್ದನೇ?" ಎಂದು ಕೇಳಿದ. ಆ ದಿನದ ಇತಿಹಾಸ ಪಾಠವನ್ನು ಅಲ್ಲಿಯೇ ಮಾಡಿದೆ. ಶಿವನಸಮುದ್ರಕ್ಕೆ ಬಂದಾಗ ಎಲ್ಲರೂ ಜಗುಲಿಯಿಂದ ಜಿಗಿಯಬೇಕು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದದ್ದು ಅಲ್ಲಿಂದಲೇ. ಮೊಬೈಲಿನ ಉಪಗ್ರಹ ನಕ್ಷೆಯನ್ನು ಆಟ ಮುಗಿದ ಮೇಲೆ ತೋರಿಸಿ, ಮೊದಲೇ ಬೇಡ.