8 ವರ್ಷದ ಮಗಳನ್ನು ಇಂಗ್ಲೆಂಡಿನ ಪ್ಯಾಂಟೊಗೆ ಕಳಿಸಬಹುದಾ?

ಪ್ರಶ್ನೆ: ನಾವು ಇಂಗ್ಲೆಂಡಿಗೆ ಬಂದು ಎರಡು ವರ್ಷ ಆಯಿತು. ಇಲ್ಲಿಯ ದೊಡ್ಡ ಥಿಯೇಟರಿನ ಕ್ರಿಸ್‌ಮಸ್ ಪ್ಯಾಂಟೊಮೈಮ್‌ಗೆ 8 ವರ್ಷದ ಮಗಳು ಆಯ್ಕೆಯಾಗಿದ್ದಾಳೆ. ಐದು ವಾರ, ದಿನಕ್ಕೆ ಎರಡು ಶೋ ಅಂತೆ. ನಮ್ಮನ್ನು ಒಳಗೂ ಬಿಡಲ್ಲವಂತೆ. ಅಷ್ಟು ಚಿಕ್ಕ ಮಗುವಿಗೆ ಇದು ಆಗುತ್ತಾ? ಓದು ಹಾಳಾಗಲ್ವಾ?

ಉತ್ತರ: ಕಳಿಸಿ. ನನ್ನ ಮಗಳು ಎರಡು ವರ್ಷ ಮಾಡಿದ್ದಾಳೆ. ಮೊದಲ ವರ್ಷ ನಾನೂ ನಿಮ್ಮ ಹಾಗೇ ಹೆದರಿಕೊಂಡು ಸ್ಟೇಜ್ ಡೋರ್ ಮುಂದೆ ಚಳಿಯಲ್ಲಿ ನಿಂತಿದ್ದೆ. ಎರಡನೇ ವರ್ಷ ಚಾಪರೋನ್ (ಥಿಯೇಟರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು) ಲೈಸೆನ್ಸ್ ತೆಗೆದುಕೊಂಡು ನಾನೇ ಒಳಗೆ ಹೋದೆ. ಹಾಗಾಗಿ ಆ ಬಾಗಿಲಿನ ಎರಡೂ ಕಡೆ ಏನಾಗುತ್ತದೆ ಅಂತ ಹೇಳಬಲ್ಲೆ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಹೆಸರು ಕೇಳಿ ಮೂಕಾಭಿನಯ ಅಂದುಕೊಳ್ಳಬೇಡಿ. ಇಲ್ಲಿ ಯಾರೂ ಬಾಯಿ ಮುಚ್ಚುವುದಿಲ್ಲ, ಪ್ರೇಕ್ಷಕರಂತೂ ಮುಚ್ಚುವುದೇ ಇಲ್ಲ. ಸಿಂಡ್ರೆಲಾ, ಅಲ್ಲಾದ್ದೀನ್ ತರಹದ ಕಥೆ, ಹಾಡು, ಕುಣಿತ, ಕೆಟ್ಟ ಕೆಟ್ಟ ಜೋಕು. ಖಳನಾಯಕ ಬಂದರೆ ಇಡೀ ಥಿಯೇಟರ್ 'ಬೂ' ಅನ್ನುತ್ತದೆ. 'ಡೇಮ್' ಎಂಬ ಹೆಂಗಸಿನ ಪಾತ್ರವನ್ನು ಗಂಡಸು ಮಾಡುತ್ತಾನೆ. ನಮ್ಮ ಸ್ತ್ರೀವೇಷದ ಹಾಗಲ್ಲ. ಇವನು ಗಂಡಸು ಅಂತ ಎಲ್ಲರಿಗೂ ಗೊತ್ತಾಗುತ್ತಲೇ ಇರಬೇಕು, ತಮಾಷೆಯೇ ಅದು. ಮಕ್ಕಳು ಹಳ್ಳಿಯವರು, ಇಲಿಗಳು, ಕಾಡಿನ ಪ್ರಾಣಿಗಳು ಆಗುತ್ತಾರೆ. ಯಕ್ಷಗಾನದಲ್ಲಿ ಚಿಕ್ಕ ಹುಡುಗರು ಮೊದಲು ಕೋಡಂಗಿ, ಬಾಲಗೋಪಾಲರ ವೇಷ ಕಟ್ಟಿ ರಂಗಕ್ಕೆ ಕಾಲಿಡುತ್ತಾರಲ್ಲ, ಸುಮಾರಾಗಿ ಹಾಗೇ.

ಈಗ ನಿಮ್ಮ ಭಯದ ವಿಷಯ. ನಿಮ್ಮ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಲೈಸೆನ್ಸ್ ಕೊಡದೆ ಮಗು ರಂಗ ಹತ್ತುವ ಹಾಗಿಲ್ಲ. ಥಿಯೇಟರ್ ಯಾವ ಊರಿನಲ್ಲೇ ಇರಲಿ, ನೀವು ವಾಸವಿರುವ ಊರಿನ ಕೌನ್ಸಿಲ್ಲೇ ಕೊಡಬೇಕು. ಅರ್ಜಿ 21 ದಿನ ಮುಂಚೆ ಹೋಗಬೇಕು. ಅದನ್ನು ಕಂಪನಿಯವರೇ ಹಾಕುತ್ತಾರೆ. ಫೋಟೋ, ಜನನ ಪ್ರಮಾಣಪತ್ರ, ಸಹಿ ಕೇಳಿದಾಗ ತಡಮಾಡಬೇಡಿ. ಗಂಟೆಗಳ ಲೆಕ್ಕವೂ ಕಾನೂನಿನಲ್ಲೇ ಇದೆ. 9 ತುಂಬುವವರೆಗೆ ದಿನಕ್ಕೆ 8 ಗಂಟೆಗಿಂತ ಜಾಸ್ತಿ ಥಿಯೇಟರಿನಲ್ಲಿ ಇರುವ ಹಾಗಿಲ್ಲ, ರಾತ್ರಿ 11ರ ಮೇಲಂತೂ ಇಲ್ಲವೇ ಇಲ್ಲ. ಸತತ 6 ದಿನ ಆದ ಮೇಲೆ ರಜೆ ಕೊಡಲೇಬೇಕು. ಅದಕ್ಕೇ ಎರಡು ಮೂರು ತಂಡ ಮಾಡಿಕೊಂಡು ಸರದಿಯ ಮೇಲೆ ಕರೆಸುತ್ತಾರೆ. ದಿನಕ್ಕೆ ಎರಡು ಶೋ ಅಂದರೆ ನಿಮ್ಮ ಮಗಳಿಗೇ ದಿನಾ ಎರಡು ಅಂತಲ್ಲ. ನಮ್ಮವಳು 'ಕೆಂಪು ತಂಡ'. ಒಟ್ಟು ಶೋಗಳಲ್ಲಿ ಅರ್ಧಕ್ಕೆ ಮಾತ್ರ ಹೋಗಬೇಕಿತ್ತು.

ಇಷ್ಟೊಂದು ಬಿಗಿ ಯಾಕೆ ಅಂದರೆ, ಹಿಂದೆ ಇದು ಬಡಮಕ್ಕಳ ಕೂಲಿ ಕೆಲಸ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಪ್ಯಾಂಟೊ ಮಕ್ಕಳ ದುಡ್ಡಿನಲ್ಲೇ ಚಳಿಗಾಲ ಕಳೆದ ಮನೆಗಳಿದ್ದವು. 1889ರ ಕಾನೂನು 7 ವರ್ಷದ ಒಳಗಿನವರನ್ನು ರಂಗದಿಂದ ಹೊರಗಿಟ್ಟಿತು, 7ರಿಂದ 10ರವರೆಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಚಾರ್ಲಿ ಚಾಪ್ಲಿನ್ ಕೂಡ 1900ರಲ್ಲಿ, 11 ವರ್ಷದವನಾಗಿದ್ದಾಗ, ಲಂಡನ್ನಿನ ಹಿಪ್ಪೊಡ್ರೋಮ್‌ನಲ್ಲಿ ಸಿಂಡ್ರೆಲಾದ ಬೆಕ್ಕಾಗಿದ್ದ. ಈಗ ದುಡ್ಡಿನ ಮಾತು ಬಿಡಿ. ನಮಗೆ ಸಿಕ್ಕಿದ್ದು ಪೆಟ್ರೋಲಿಗೂ ಸಾಲಲಿಲ್ಲ.

ನಿಮ್ಮನ್ನು ಒಳಗೆ ಬಿಡದಿರುವುದು ಒಳ್ಳೆಯದಕ್ಕೇ. ಬಾಗಿಲಲ್ಲಿ ಸಹಿ ಹಾಕಿ ಮಗುವನ್ನು ಚಾಪರೋನ್ ಕೈಗೆ ಒಪ್ಪಿಸುತ್ತೀರಿ, ಶೋ ಮುಗಿದ ಮೇಲೆ ಸಹಿ ಹಾಕಿ ಕರೆದುಕೊಂಡು ಬರುತ್ತೀರಿ. ಒಬ್ಬ ಚಾಪರೋನ್‌ಗೆ 12 ಮಕ್ಕಳಿಗಿಂತ ಜಾಸ್ತಿ ಇರುವ ಹಾಗಿಲ್ಲ. ನಾನು ಆಗುವಾಗ ಪೊಲೀಸ್ ದಾಖಲೆ ತಪಾಸಣೆ, ತರಬೇತಿ, ಸಂದರ್ಶನ ಎಲ್ಲ ಆಯಿತು. ನನ್ನನ್ನು ಬೇಕಂತಲೇ ನನ್ನ ಮಗಳಿಲ್ಲದ ನೀಲಿ ತಂಡಕ್ಕೆ ಹಾಕಿದರು. ಚಾಪರೋನ್ 'ಈ ಮಗುವಿಗೆ ಇವತ್ತು ಆಗಲ್ಲ' ಅಂದರೆ ಆಗಲ್ಲ, ನಿರ್ದೇಶಕರು ತಳ್ಳಿ ಕಳಿಸುವ ಹಾಗಿಲ್ಲ. ಒಮ್ಮೆ ಇಲಿ ವೇಷದ ಹುಡುಗ ರಂಗದ ಪಕ್ಕದ ಮರೆಯಲ್ಲಿ ಅಳುತ್ತಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಆರು ಇಲಿ ಬದಲು ಐದೇ ಕುಣಿದವು. ಯಾರಿಗೂ ಗೊತ್ತಾಗಲಿಲ್ಲ.

ನಿಜವಾದ ಕಷ್ಟ ಎಲ್ಲೂ ಬರೆದಿರುವುದಿಲ್ಲ. ಅದು ಕಾಯುವುದು. ಶೋ ಎರಡು ಗಂಟೆಗೂ ಮೇಲೆ. ನಮ್ಮ ಮಕ್ಕಳು ರಂಗದ ಮೇಲೆ ಇದ್ದದ್ದು ಎಲ್ಲ ಸೇರಿ 20 ನಿಮಿಷ ಇರಬಹುದು. ಮಿಕ್ಕಿದ್ದೆಲ್ಲ ಡ್ರೆಸ್ಸಿಂಗ್ ರೂಮಿನಲ್ಲಿ. ಕಿಟಕಿ ಇಲ್ಲ, ಹೇರ್‌ಸ್ಪ್ರೇ ವಾಸನೆ, ಫೋನ್ ಇಲ್ಲ. ಗೋಡೆಯ ಸ್ಪೀಕರಿನಲ್ಲಿ ಶೋ ಕೇಳುತ್ತಾ ಇರುತ್ತದೆ. ಎರಡನೇ ವಾರದ ಹೊತ್ತಿಗೆ ಮಕ್ಕಳಿಗೆ ಎಲ್ಲರ ಮಾತೂ ಬಾಯಿಪಾಠ, ಡೇಮ್‌ನ ಜೋಕನ್ನು ಅವನಿಗಿಂತ ಮುಂಚೆ ಇವರೇ ಹೇಳಿ ಮುಗಿಸುತ್ತಾರೆ. ಕುಣಿಯಲು ಬರುವ ಮಗುವಿಗಿಂತ ಸುಮ್ನೆ ಕೂರಲು ಬರುವ ಮಗು ಇಲ್ಲಿ ಸುಖವಾಗಿರುತ್ತದೆ. ನಾನು ಕವಡೆ ತಗೊಂಡು ಹೋಗಿ ಚೌಕಾಬಾರ ಕಲಿಸಿಕೊಟ್ಟೆ. ನೀಲಿ ತಂಡದಲ್ಲಿ ಒಬ್ಬರ ಕಾಯಿ ಒಬ್ಬರು ಹೊಡೆದು ದೊಡ್ಡ ಜಗಳವೇ ಆಯಿತು, ಮುಖ್ಯ ನಟಿಯೇ ಬಾಗಿಲಿಗೆ ಬಂದು ಶ್ ಅಂದರು. ನಿಮ್ಮ ಮಗಳು ಪುಸ್ತಕ ಹಿಡಿದು ಒಂದು ಗಂಟೆ ಕೂರುತ್ತಾಳಾ? ಆಡಿಷನ್‌ನಲ್ಲಿ ಇದನ್ನು ಯಾರೂ ನೋಡುವುದಿಲ್ಲ, ನೀವೇ ನೋಡಬೇಕು.

ಬುತ್ತಿಯ ಬಗ್ಗೆ ನನ್ನ ಅನುಭವ. ಕಡಲೆಕಾಯಿ, ಗೋಡಂಬಿ ಯಾವುದೂ ಕಟ್ಟುವ ಹಾಗಿರಲಿಲ್ಲ, ಅಲರ್ಜಿ ಭಯ. ಪುಳಿಯೋಗರೆ ಹೋಯಿತು. ಚಿತ್ರಾನ್ನದಿಂದ ಕಡಲೆಕಾಯಿ ತೆಗೆದು ಕಳಿಸಿದೆ, ಅರಿಶಿನದ ಕಲೆ ಬಿಳಿ ಕಾಲರಿಗೆ ಹತ್ತಿ ವೇಷಭೂಷಣ ನೋಡಿಕೊಳ್ಳುವವರು ಚೀಟಿ ಬರೆದು ಕಳಿಸಿದರು. ಮೊಸರನ್ನ ನಡೆಯುತ್ತದೆ. ವೇಷದ ಮೇಲೆ ಹಾಕಿಕೊಳ್ಳಲು ಹಳೆಯ ಡ್ರೆಸ್ಸಿಂಗ್ ಗೌನ್ ಒಂದು ಕೊಡಿ. ಆಮೇಲೆ ಹೇನು. ಒಂದೇ ಕೋಣೆಯಲ್ಲಿ ಅಷ್ಟು ತಲೆ ಸೇರಿದರೆ ಬರದೇ ಇರುತ್ತಾ? ವಾರಕ್ಕೊಮ್ಮೆ ಸೀರಣಿಗೆ ಹಾಕಿ.

ಓದು? ಲೈಸೆನ್ಸ್ ಇದ್ದರೆ, ಶಾಲಾ ದಿನದ ಮ್ಯಾಟಿನಿಗೆ ಹೋದದ್ದನ್ನು ಚಕ್ಕರ್ ಅಂತ ಬರೆಯುವುದಿಲ್ಲ. ಅರ್ಜಿಗೆ ಹೆಡ್‌ಟೀಚರ್ ಪತ್ರ ಬೇಕಾಗುತ್ತದೆ, ಮೊದಲೇ ಹೋಗಿ ಮಾತಾಡಿ. ಡಿಸೆಂಬರ್ ಕೊನೆ ಹೇಗೂ ರಜೆ. ಓದಿಗಿಂತ ನಿದ್ದೆಯದೇ ಚಿಂತೆ. ರಾತ್ರಿ ಹತ್ತಕ್ಕೆ ಮನೆಗೆ ಬಂದ ಮಗು ಹನ್ನೊಂದಕ್ಕೆ ಹಾಡುತ್ತಾ ಕೂತಿರುತ್ತದೆ.

ಮನೆಯವರೆಲ್ಲ ಕೂತು ತೀರ್ಮಾನಿಸಬೇಕಾದದ್ದು ಡಿಸೆಂಬರಿನಲ್ಲಿ ಊರಿಗೆ ಹೋಗುವ ವಿಷಯ. ಮೊದಲ ವರ್ಷ ನಾವು ಹೋಗಲಿಲ್ಲ. ಅದರ ಬದಲು ನಮ್ಮ ಅತ್ತೆಯನ್ನೇ ಕರೆಸಿಕೊಂಡೆವು. ಇಂಗ್ಲಿಷ್ ಬರುವುದಿಲ್ಲ, ಅರ್ಥವಾಗಲ್ವೇನೋ ಅಂತ ನಾನು ಅಂದುಕೊಂಡಿದ್ದೆ. ಪ್ಯಾಂಟೊದಲ್ಲಿ ಭೂತ ಹಿಂದಿನಿಂದ ಬಂದಾಗ ಜನರೆಲ್ಲ 'ನಿನ್ನ ಹಿಂದೆ!' ಅಂತ ಕೂಗುವ ಪದ್ಧತಿ ಇದೆ. ಯಾರೂ ಹೇಳಿಕೊಡದೆ ಅವರು ಸೀಟಿನಿಂದ ಎದ್ದು ನಿಂತು 'ಹಿಂದ್ಗಡೆ ನೋಡೋ, ಹಿಂದ್ಗಡೆ!' ಅಂತ ಅಚ್ಚ ಮೈಸೂರು ಕನ್ನಡದಲ್ಲಿ ಕೂಗಿದರು.

ಆದರೆ ಅದು ಅವರ ಎರಡನೇ ಸಲ. ಮೊದಲ ಸಲ ನಾನು ಬಹಳ ಮುಂಚೆಯೇ, ಸ್ನೇಹಿತರನ್ನೂ ಸೇರಿಸಿ, 11 ಟಿಕೆಟ್ ಕೊಂಡಿದ್ದೆ. ಪರದೆ ಎದ್ದಾಗ ಕುಣಿದದ್ದು ನೀಲಿ ತಂಡ. ನಮ್ಮ ಮಗಳು ನಮ್ಮ ಪಕ್ಕದ ಸೀಟಿನಲ್ಲೇ ಕೂತು, ಯಾರು ಹೆಜ್ಜೆ ತಪ್ಪಿದರು ಅಂತ ಎಣಿಸುತ್ತಿದ್ದಳು. ತಂಡಗಳ ದಿನಾಂಕದ ಪಟ್ಟಿ ಕೈಗೆ ಬರುವವರೆಗೆ ಒಂದು ಟಿಕೆಟ್ಟೂ ಕೊಳ್ಳಬೇಡಿ.